ನೈಟ್ರೋಜನ್ ರೂಮಿನಲ್ಲಿ ತಲೆ ಸುತ್ತಿದರೆ ಸೆಖೆ ಎಂದು ಬಿಡಬೇಡಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಶೀಟ್ ಮೆಟಲ್ ಕಾರ್ಖಾನೆ. ನಾನು ಅಲ್ಲಿ ಸೂಪರ್‌ವೈಸರ್. ಸ್ಟೇನ್‌ಲೆಸ್ ಸ್ಟೀಲ್ ಕತ್ತರಿಸುವ ಫೈಬರ್ ಲೇಸರ್‌ಗೆ ಸಿಲಿಂಡರ್ ತರಿಸಿ ತರಿಸಿ ಸಾಕಾಗಿ, ಕಳೆದ ವರ್ಷ ಗಂಟೆಗೆ 40 ಘನ ಮೀಟರ್ ಕೊಡುವ ಪಿಎಸ್‌ಎ ನೈಟ್ರೋಜನ್ ಜನರೇಟರ್ (ಒತ್ತಡ ಏರಿಳಿಸಿ ಗಾಳಿಯಿಂದ ನೈಟ್ರೋಜನ್ ಬೇರ್ಪಡಿಸುವ ಮೆಷಿನ್) ಹಾಕಿಸಿದೆವು. ಜೊತೆಗೆ ಒತ್ತಡವನ್ನು 28 ಬಾರ್‌ಗೆ ಏರಿಸುವ ಬೂಸ್ಟರ್, 500 ಲೀಟರ್ ರಿಸೀವರ್ ಟ್ಯಾಂಕ್. ಶೆಡ್ಡಿನ ಹಿಂದಿನ ರೂಮಿನಲ್ಲಿ (5 ಮೀಟರ್ ಉದ್ದ, 4 ಅಗಲ, 3 ಎತ್ತರ) ಎಲ್ಲವೂ ಇವೆ. ಏರ್ ಕಂಪ್ರೆಸರ್ ಮಾತ್ರ ಹೊರಗಿದೆ. ಸದ್ದಿಗೆ ಅಕ್ಕಪಕ್ಕದವರು ತಕರಾರು ಮಾಡಿದ ಮೇಲೆ ಸೈಲೆನ್ಸರ್ ಪೈಪನ್ನು ಗೋಡೆ ಕೊರೆದು ಹೊರಗೆ ಬಿಟ್ಟೆವು, ಬಾಗಿಲು ಮುಚ್ಚಿಡುತ್ತೇವೆ, ಕಿಟಕಿಗೆ ಮಳೆಗಾಲದ ಪ್ಲಾಸ್ಟಿಕ್ ಹೊದಿಕೆ ಇದೆ. ಹೋದ ವಾರ ಬೆಳಗ್ಗೆ ಮೆಷಿನ್ ಚಾಲೂ ಮಾಡಿ ಒಳಗೇ ರೀಡಿಂಗ್ ಬರೆಯುತ್ತಿದ್ದ ಆಪರೇಟರ್ ಹುಡುಗ ತಲೆ ಸುತ್ತಿ, ಗೋಡೆ ಹಿಡಿದುಕೊಂಡು ಹೊರಗೆ ಬಂದ. ಹತ್ತು ನಿಮಿಷದಲ್ಲಿ ಸುಧಾರಿಸಿಕೊಂಡ. "ನಾವು ಉಸಿರಾಡುವ ಗಾಳಿಯಲ್ಲೇ ಮುಕ್ಕಾಲು ಪಾಲು ನೈಟ್ರೋಜನ್ ಇದೆ, ಮೆಷಿನ್ ಗಾಳಿಯನ್ನು ತೆಗೆದುಕೊಂಡು ಗಾಳಿಯನ್ನೇ ಬಿಡುತ್ತದೆ, ಇದು ಬರೀ ಸೆಖೆ" ಎನ್ನುತ್ತಾರೆ ಮಾಲೀಕರು. ಇನ್ನೆರಡು ಸಂಗತಿ. ರಿಸೀವರ್ ಮೇಲಿನ ಸೇಫ್ಟಿ ವಾಲ್ವ್ 30 ಬಾರ್‌ಗೆ ಸೆಟ್ ಆಗಿದೆ, ಆದರೆ ಮಧ್ಯಾಹ್ನದ ಹೊತ್ತಿಗೆ ಬುಸುಗುಡುತ್ತದೆ. ಮೆಕ್ಯಾನಿಕ್ "ಎರಡು ಸುತ್ತು ಬಿಗಿ ಮಾಡಿದರೆ ನಿಲ್ಲುತ್ತದೆ" ಎನ್ನುತ್ತಾನೆ. ಮತ್ತೆ, ಲೇಸರ್ ಖಾಲಿ ಇರುವಾಗ ಇನ್ನೊಂದು ಬೂಸ್ಟರ್ ಕೂಡಿಸಿ 150 ಬಾರ್‌ಗೆ ಸಿಲಿಂಡರ್ ತುಂಬಿ ಇಟ್ಟುಕೊಳ್ಳುವ ಯೋಚನೆ ಮಾಲೀಕರಿಗಿದೆ. ಯಾವುದು ಸರಿ, ಯಾವುದು ಅಪಾಯ?

ಉತ್ತರ:

ಮೂರರಲ್ಲಿ ಮೊದಲನೆಯದೇ ತುರ್ತಿನದು. ಅದು ಇತ್ಯರ್ಥವಾಗುವ ತನಕ ಆ ರೂಮಿನ ಬಾಗಿಲು, ಕಿಟಕಿ ಎರಡನ್ನೂ ತೆರೆದಿಡಿ, ಪ್ಲಾಸ್ಟಿಕ್ ಕಿತ್ತುಹಾಕಿ, ಮೆಷಿನ್ ಚಾಲೂ ಆದ ಮೊದಲ ಒಂದು ಗಂಟೆ ಯಾರೂ ಒಳಗೆ ನಿಲ್ಲದಂತೆ ನೋಡಿಕೊಳ್ಳಿ. ಸದ್ದಿನ ತಕರಾರನ್ನು ಆಮೇಲೆ ಬಗೆಹರಿಸಬಹುದು.

ನಿಮ್ಮ ಮಾಲೀಕರ ಮಾತಿನಲ್ಲಿ ಅರ್ಧ ನಿಜ. ಗಾಳಿಯಲ್ಲಿ ನೈಟ್ರೋಜನ್ ಶೇ. 78, ಆಮ್ಲಜನಕ ಶೇ. 20.9, ಉಳಿದದ್ದು ಹೆಚ್ಚಾಗಿ ಆರ್ಗಾನ್. ನೈಟ್ರೋಜನ್ ವಿಷವಲ್ಲ. ಆದರೆ ಅದು ಕೊಲ್ಲುವುದು ವಿಷವಾಗಿ ಅಲ್ಲ, ಆಮ್ಲಜನಕದ ಜಾಗವನ್ನು ತಾನು ಹಿಡಿದು. ಇನ್ನರ್ಧ, ಅಂದರೆ "ಗಾಳಿ ತೆಗೆದು ಗಾಳಿ ಬಿಡುತ್ತದೆ" ಎಂಬುದು, ನಿಮ್ಮ ರೂಮಿನ ಮಟ್ಟಿಗೆ ಪೂರ್ತಿ ತಪ್ಪು. ಪಿಎಸ್‌ಎ ಟವರಿನೊಳಗಿನ ಕಾರ್ಬನ್ ಮಾಲಿಕ್ಯುಲರ್ ಸೀವ್ ಎಂಬ ಕಪ್ಪು ಕಾಳು ಒತ್ತಡದಲ್ಲಿ ಆಮ್ಲಜನಕವನ್ನು ಬೇಗ ಹೀರಿಕೊಂಡು ನೈಟ್ರೋಜನ್ನನ್ನು ಮುಂದೆ ಬಿಡುತ್ತದೆ. ಸುಮಾರು ಒಂದು ನಿಮಿಷಕ್ಕೊಮ್ಮೆ ಒಂದು ಟವರಿನಿಂದ ಇನ್ನೊಂದಕ್ಕೆ ಬದಲಾಗುವಾಗ, ಹೀರಿದ ಆಮ್ಲಜನಕ ಸೈಲೆನ್ಸರ್ ಮೂಲಕ ಹೊರಬೀಳುತ್ತದೆ. ನೀವು ಸೈಲೆನ್ಸರನ್ನು ಗೋಡೆಯಾಚೆ ಬಿಟ್ಟಿದ್ದೀರಿ. ಕಂಪ್ರೆಸರ್ ಎಳೆಯುವ ಗಾಳಿಯೂ ಹೊರಗಿನದು. ಹಾಗಾಗಿ ಆಮ್ಲಜನಕದ ಪಾಲು ಬೀದಿಗೆ ಹೋಗುತ್ತದೆ, ರೂಮಿನೊಳಗೆ ಸೋರುವುದು ಬರೀ ನೈಟ್ರೋಜನ್.

ಸೈಲೆನ್ಸರನ್ನು ಹೊರಗೆ ಬಿಟ್ಟದ್ದು ತಪ್ಪಲ್ಲ, ಅದೇ ಸರಿ. ಆ ಪೈಪಿನಿಂದ ಬರುವುದು ಆಮ್ಲಜನಕ ಹೆಚ್ಚಿರುವ ಗಾಳಿ. ಅದನ್ನು ಮುಚ್ಚಿದ ಜಾಗದಲ್ಲಿ ಬಿಟ್ಟರೆ ಬೆಂಕಿಯ ಭಯ. ಶೇ. 23.5 ದಾಟಿದರೆ ಎಣ್ಣೆ ಬಟ್ಟೆ, ಹತ್ತಿ ವೇಸ್ಟ್ ಎಲ್ಲ ಬಲು ಬೇಗ ಹೊತ್ತಿಕೊಳ್ಳುತ್ತವೆ. ಆ ಪೈಪಿನ ಬಾಯಿಯ ಹತ್ತಿರ ವೆಲ್ಡಿಂಗ್, ಗ್ರೈಂಡಿಂಗ್, ಬೀಡಿ ಯಾವುದೂ ಬೇಡ. ಪೈಪ್ ಸಣ್ಣದಾದರೆ, ಸೈಲೆನ್ಸರ್‌ನಲ್ಲಿ ಸೀವ್ ಪುಡಿ ಕಟ್ಟಿದರೆ ಹಿಂದೊತ್ತಡ ಹೆಚ್ಚಿ ಪ್ಯೂರಿಟಿ ಇಳಿಯುತ್ತದೆ, ಅದನ್ನೂ ಗಮನಿಸಿ.

ಹುಡುಗನಿಗೆ ಏನಾಯಿತು?

ಬೆಳಗ್ಗೆ, ಚಾಲೂ ಮಾಡಿದ ಕೂಡಲೇ, ರೂಮಿನೊಳಗೆ. ಈ ಮೂರು ಸೇರಿದರೆ ಮೊದಲು ನೋಡಬೇಕಾದದ್ದು ಆಫ್-ಸ್ಪೆಕ್ ವೆಂಟ್. ರಾತ್ರಿಯಿಡೀ ನಿಂತಿದ್ದ ಪಿಎಸ್‌ಎ ಚಾಲೂ ಆದ ಕೂಡಲೇ ಲೇಸರ್‌ಗೆ ಬೇಕಾದ ಶೇ. 99.99ರ ನೈಟ್ರೋಜನ್ ಕೊಡುವುದಿಲ್ಲ. ಆ ಮಟ್ಟ ತಲುಪುವ ತನಕ ಕಂಟ್ರೋಲರ್ ಗ್ಯಾಸನ್ನು ರಿಸೀವರ್‌ಗೆ ಕಳಿಸದೆ ಒಂದು ಸೊಲೆನಾಯ್ಡ್ ವಾಲ್ವಿನ ಮೂಲಕ ಹೊರಗೆ ಬಿಡುತ್ತದೆ. "ಹೊರಗೆ" ಎಂದರೆ ಮೆಷಿನ್ನಿನ ಹೊರಗೆ, ಅಷ್ಟೇ. ಬಹಳ ಕಡೆ ಅದರ ಬಾಯಿ ಮೆಷಿನ್ ಕೂರಿಸಿದ ಚೌಕಟ್ಟಿನ (ಸ್ಕಿಡ್) ಹಿಂದೆ ನೆಲಕ್ಕೆ ಮುಖ ಮಾಡಿ, ಸಣ್ಣ ಹಿತ್ತಾಳೆ ಸೈಲೆನ್ಸರ್ ಹಾಕಿಕೊಂಡು ಕೂತಿರುತ್ತದೆ. ಮೊದಲ ಕೆಲವು ನಿಮಿಷ ಬರುವುದು ಹೆಚ್ಚುಕಮ್ಮಿ ಗಾಳಿಯೇ. ಆದರೆ ಶೇ. 99 ಮುಟ್ಟುವುದು ಬೇಗ, 99ರಿಂದ 99.99ಕ್ಕೆ ಏರಲು ಹಿಡಿಯುವ ಹೊತ್ತೇ ಜಾಸ್ತಿ. ಲೇಸರ್‌ಗೆ ಇವೆರಡರ ನಡುವೆ ಅಜಗಜಾಂತರ ಇರಬಹುದು, ಶ್ವಾಸಕೋಶಕ್ಕೆ ಎರಡೂ ಒಂದೇ.

ಲೆಕ್ಕ ಹಾಕಿ ನೋಡೋಣ. ನಿಮ್ಮ ರೂಮು 60 ಘನ ಮೀಟರ್. ಗಂಟೆಗೆ 40 ಘನ ಮೀಟರಿನಂತೆ ಅರ್ಧ ಗಂಟೆ ಒಳಗೇ ಬಿಟ್ಟರೆ 20 ಘನ ಮೀಟರ್. ಗಾಳಿ ಆಡದ ರೂಮಿನಲ್ಲಿ ಅದು ಚೆನ್ನಾಗಿ ಬೆರೆತರೆ ಆಮ್ಲಜನಕ ಸುಮಾರು ಶೇ. 15ಕ್ಕೆ ಬರುತ್ತದೆ. ಒಂದು ಗಂಟೆಯಾದರೆ ಶೇ. 11ಕ್ಕೂ ಕೆಳಗೆ. ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ಬರುವುದರಿಂದ ನಿಜವಾದ ಅಂಕಿ ಇದಕ್ಕಿಂತ ಮೇಲಿರಬಹುದು, ವೆಂಟಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಡ್ರೈನ್ ತೆಗೆಯುವವನಿಗೆ ಇದಕ್ಕಿಂತ ಕೆಳಗೂ ಇರಬಹುದು. ಉದ್ಯೋಗದ ಜಾಗದಲ್ಲಿ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಅದನ್ನು ಆಮ್ಲಜನಕದ ಕೊರತೆ ಎಂದೇ ಹಿಡಿಯುತ್ತಾರೆ. 15ರ ಆಸುಪಾಸಿನಲ್ಲಿ ಕೈಕಾಲಿನ ಹಿಡಿತ ತಪ್ಪುತ್ತದೆ, ಯೋಚನೆ ಮಂದವಾಗುತ್ತದೆ. 10ರಿಂದ 12ರಲ್ಲಿ ತುಟಿ ನೀಲಿ, ತೀರ್ಮಾನ ಕೈಕೊಡುತ್ತದೆ. 8ರಿಂದ 10ರಲ್ಲಿ ಪ್ರಜ್ಞೆ ತಪ್ಪುತ್ತದೆ. 4ರಿಂದ 6ರಲ್ಲಿ 40 ಸೆಕೆಂಡಿನೊಳಗೆ ಕೋಮಾ. ಶುದ್ಧ ನೈಟ್ರೋಜನ್ ಆದರೆ ಒಂದೆರಡು ಉಸಿರು ಸಾಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಮ್ಮಿ. ಮೀಟರಿನಲ್ಲಿ 19.5 ಎಂದು ಕಂಡರೂ ರಕ್ತಕ್ಕೆ ಸಿಗುವುದು ಮಂಗಳೂರಿನಲ್ಲಿ ಸುಮಾರು 17.5 ಇದ್ದಾಗ ಸಿಗುವಷ್ಟು. ಆದ್ದರಿಂದ ಇಲ್ಲಿ 19.5 ಎಂಬ ಗೆರೆಯ ಮೇಲೆ ನಡೆಯುವ ಧೈರ್ಯ ಬೇಡ. ರೂಮು ಸದಾ 20ರ ಮೇಲಿರಲಿ.

"ಉಸಿರು ಕಟ್ಟಿದರೆ ಗೊತ್ತಾಗುವುದಿಲ್ಲವೇ, ಓಡಿ ಬಂದರಾಯಿತು" ಎಂದು ಬಹಳ ಮಂದಿ ನಂಬಿದ್ದಾರೆ. ಗೊತ್ತಾಗುವುದಿಲ್ಲ. ಉಸಿರು ಕಟ್ಟಿದ ಸಂಕಟ ಹುಟ್ಟುವುದು ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ನೈಟ್ರೋಜನ್ ತುಂಬಿದ ಜಾಗದಲ್ಲಿ ನೀವು ಉಸಿರು ಬಿಡುತ್ತಲೇ ಇರುತ್ತೀರಿ, ಅದು ಹೊರಹೋಗುತ್ತಲೇ ಇರುತ್ತದೆ, ಎದೆಗೆ ಯಾವ ಒದ್ದಾಟವೂ ಇರುವುದಿಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮು ಬರುವುದಿಲ್ಲ. ನಿಮ್ಮ ಹುಡುಗನಿಗೆ ತಲೆ ಸುತ್ತಿದ್ದು ಎಚ್ಚರಿಕೆ ಸಿಕ್ಕಂತೆ. ಅದು ಪ್ರತಿಸಲ ಸಿಗುತ್ತದೆ ಎಂಬ ಭರವಸೆ ಇಲ್ಲ.

ಸೆಖೆಯೂ ಇರಬಹುದೇ? ಇರಬಹುದು. ಬೂಸ್ಟರಿನ ಶಾಖ ಸಾಮಾನ್ಯದ್ದಲ್ಲ. ಪಕ್ಕದಲ್ಲಿ ಡೀಸೆಲ್ ಜನರೇಟರ್ ಇದ್ದು ಅದರ ಹೊಗೆ ಕಿಟಕಿಗೆ ಬಡಿಯುತ್ತಿದ್ದರೆ ಕಾರ್ಬನ್ ಮಾನಾಕ್ಸೈಡನ್ನೂ ಶಂಕಿಸಬೇಕು. ಆದರೆ ಲಕ್ಷಣ ನೋಡಿ ಇದೇ ಅದೇ ಎಂದು ಹೇಳಲಾಗದು, ಅಳೆಯಬೇಕು. ಆಮ್ಲಜನಕ ಮತ್ತು ಕಾರ್ಬನ್ ಮಾನಾಕ್ಸೈಡ್ ಎರಡನ್ನೂ ತೋರಿಸುವ ಕೈ ಮೀಟರನ್ನು ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಹೊರಗೆ ತೆರೆದ ಜಾಗದಲ್ಲಿ 20.9 ತೋರಿಸುತ್ತದೆಯೇ ನೋಡಿ, ಆಮೇಲೆ ಅದನ್ನು ಉದ್ದನೆಯ ಕೋಲಿಗೆ ಕಟ್ಟಿ ಬಾಗಿಲಿನಿಂದಲೇ ಒಳಗೆ ಚಾಚಿ, ಚಾಲೂ ಮಾಡಿದ ಕ್ಷಣದಿಂದ ಮುಕ್ಕಾಲು ಗಂಟೆ ಐದು ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ಮನುಷ್ಯ ಒಳಗೆ ಹೋಗಿ ಅಳೆಯುವುದಲ್ಲ.

ಗ್ಯಾಸ್ ಹೊರಬರುವ ಬಾಯಿಗಳನ್ನು ಎಣಿಸಿ

ಇಂಥ ರೂಮುಗಳಲ್ಲಿ ಎಲ್ಲರ ಗಮನವೂ ಒತ್ತಡದ ಮೇಲಿರುತ್ತದೆ, ಗೇಜ್ ಕಣ್ಣಿಗೆ ಕಾಣುತ್ತದಲ್ಲ. ಗ್ಯಾಸ್ ಎಲ್ಲೆಲ್ಲಿ ಹೊರಬೀಳುತ್ತದೆ ಎಂಬ ಪಟ್ಟಿ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ. ಒಂದು ಕಾಗದ ಹಿಡಿದು ಮೆಷಿನ್ ಸುತ್ತ ನಡೆಯಿರಿ. ಆಫ್-ಸ್ಪೆಕ್ ವೆಂಟ್. ನೈಟ್ರೋಜನ್ ಬಫರ್ ಟ್ಯಾಂಕಿನ ಸೇಫ್ಟಿ ವಾಲ್ವ್. ಬೂಸ್ಟರಿನ ಪ್ರತಿ ಹಂತದ ರಿಲೀಫ್ ವಾಲ್ವ್. ಬೂಸ್ಟರ್ ನಿಂತಾಗ ಹೆಡ್ಡಿನ ಒತ್ತಡ ಇಳಿಸುವ ಅನ್‌ಲೋಡಿಂಗ್ ವಾಲ್ವ್. 500 ಲೀಟರ್ ರಿಸೀವರಿನ ಸೇಫ್ಟಿ ವಾಲ್ವ್ ಮತ್ತು ಡ್ರೈನ್. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು, ಬೂಸ್ಟರಿನ ಕ್ರ್ಯಾಂಕ್‌ಕೇಸ್ ಬ್ರೀದರ್ (ಒಳಗಿನ ಒತ್ತಡ ಹೊರಬಿಡುವ ಕಿಂಡಿ). ಪಿಸ್ಟನ್ ರಿಂಗ್ ಸವೆದಂತೆಲ್ಲ ನೈಟ್ರೋಜನ್ ಆ ದಾರಿಯಿಂದ ಸದ್ದಿಲ್ಲದೆ ರೂಮಿಗೆ ಬರುತ್ತದೆ, ಎಷ್ಟು ಎಂಬುದು ರಿಂಗಿನ ಸ್ಥಿತಿಗೆ ಬಿಟ್ಟದ್ದು. ಆಮ್ಲಜನಕ ಅನಲೈಸರಿನ ಸ್ಯಾಂಪಲ್ ಗ್ಯಾಸ್ ನಿಮಿಷಕ್ಕೆ ಲೀಟರಿನ ಲೆಕ್ಕದ್ದು, ಅದನ್ನು ಬಿಟ್ಟುಬಿಡಬಹುದು.

ಜಾಯಿಂಟುಗಳ ಸಣ್ಣ ಸೋರಿಕೆಯ ಬಗ್ಗೆ ಎಲ್ಲರೂ ಹೆಚ್ಚು ಹೆದರುತ್ತಾರೆ. ಸಂಜೆ ವಾಲ್ವ್ ಮುಚ್ಚಿದಾಗ 28 ಬಾರ್ ಇದ್ದದ್ದು ಬೆಳಗ್ಗೆ 22 ಆಗಿದೆ ಎಂದುಕೊಳ್ಳಿ. ರಾತ್ರಿಯ ತಂಪಿಗೆ 10 ಡಿಗ್ರಿ ಇಳಿದರೆ ಅದರಿಂದಲೇ ಒಂದು ಬಾರ್‌ನಷ್ಟು ಕಡಿಮೆಯಾಗುತ್ತದೆ, ಅದು ಸೋರಿಕೆಯಲ್ಲ. ಉಳಿದ 5 ಬಾರ್ ಎಂದರೆ 2.5 ಘನ ಮೀಟರ್. ಹಣಕ್ಕೆ ನಷ್ಟ, ಸೋಪು ನೀರು ಹಚ್ಚಿ ಹುಡುಕಲೇಬೇಕು, ಆದರೆ ನಿಮ್ಮ ಹುಡುಗನನ್ನು ಬೀಳಿಸಿದ್ದು ಅದಲ್ಲ. ಸೇಫ್ಟಿ ವಾಲ್ವ್ ಪೂರ್ತಿ ತೆರೆದು ರಿಸೀವರ್ ಖಾಲಿಯಾದರೆ ಮಾತ್ರ 14 ಘನ ಮೀಟರ್ ಒಮ್ಮೆಲೇ ರೂಮಿಗೆ ಬಂದು ಆಮ್ಲಜನಕ ಶೇ. 16.5ಕ್ಕೆ ಬೀಳುತ್ತದೆ.

ಈಗ ದಾರಿಗಳು. ಆಫ್-ಸ್ಪೆಕ್ ವೆಂಟ್ ಮತ್ತು ಎಲ್ಲ ಸೇಫ್ಟಿ ವಾಲ್ವುಗಳ ಬಾಯಿಗೆ ಪೈಪ್ ಹಾಕಿ ಸೂರಿನ ಮೇಲಕ್ಕೆ ಒಯ್ಯುವುದು ಮೊದಲ ಕೆಲಸ. ಪೈಪಿನ ಅಳತೆ ವಾಲ್ವಿನ ಹೊರಬಾಯಿಗಿಂತ ಎಲ್ಲೂ ಚಿಕ್ಕದಾಗಬಾರದು, ಪ್ರತಿ ಸೇಫ್ಟಿ ವಾಲ್ವಿಗೆ ಬೇರೆ ಪೈಪ್ ಇದ್ದರೆ ಉತ್ತಮ, ತುದಿಗೆ ಮಳೆನೀರು ಇಳಿಯದಂತೆ ಬಾಗು ಕೊಡಿ, ವಾಲ್ವ್ ಹಾರಿದಾಗಿನ ಒದೆತ ತಡೆಯುವಂತೆ ಗೋಡೆಗೆ ಕ್ಲಾಂಪ್ ಮಾಡಿ. ತುದಿ ಕಿಟಕಿಯ ಬಳಿಯಾಗಲಿ, ಕಂಪ್ರೆಸರಿನ ಸಕ್ಷನ್ ಬಳಿಯಾಗಲಿ ಬೇಡ. ಸೈಲೆನ್ಸರಿನ ಪೈಪಿಗೆ ಇವನ್ನು ಸೇರಿಸಲೇಬೇಡಿ.

ಇದೊಂದರಿಂದ ಮುಕ್ಕಾಲು ಅಪಾಯ ಕಳೆಯಿತು. ಆದರೂ ಪೈಪ್ ಒಡೆಯಬಹುದು, ಬ್ರೀದರ್ ಸೋರಬಹುದು, ಹಾಗಾಗಿ ಎಕ್ಸಾಸ್ಟ್ ಫ್ಯಾನ್ ಬೇಕು. ಇಡೀ 40 ಘನ ಮೀಟರ್ ಒಳಗೆ ಸೋರಿದರೂ ಆಮ್ಲಜನಕ ಶೇ. 20 ಉಳಿಯಬೇಕೆಂದರೆ ಗಂಟೆಗೆ ಸುಮಾರು 1000 ಘನ ಮೀಟರ್ ಗಾಳಿ ಎಳೆಯುವ ಫ್ಯಾನ್ ಬೇಕು, ಎದುರು ಗೋಡೆಯ ಕೆಳಭಾಗದಲ್ಲಿ ಗಾಳಿ ಒಳಬರಲು ಲೌವರ್ (ಪಟ್ಟಿಗಳ ಕಿಂಡಿ) ಬೇಕು. ಲೌವರ್ ಇಲ್ಲದ ಫ್ಯಾನ್ ತಿರುಗುತ್ತದೆ, ಗಾಳಿ ಬದಲಾಗುವುದಿಲ್ಲ. ಬೂಸ್ಟರಿನ ಶಾಖಕ್ಕೆ ಇದಕ್ಕಿಂತ ದೊಡ್ಡ ಫ್ಯಾನೇ ಬೇಕಾಗಬಹುದು. ಫ್ಯಾನ್ ತಿರುಗಿದರೆ ಮಾತ್ರ ಪಿಎಸ್‌ಎ ಚಾಲೂ ಆಗುವಂತೆ ಇಂಟರ್‌ಲಾಕ್ ಮಾಡಿಸಿ, ಬೆಲ್ಟ್ ಹರಿದ ಫ್ಯಾನಿನ ಮೋಟಾರ್ ತಿರುಗುತ್ತಲೇ ಇರುತ್ತದಾದ್ದರಿಂದ ಸಿಗ್ನಲ್ಲನ್ನು ಗಾಳಿಯ ಹರಿವಿನ ಸ್ವಿಚ್ಚಿನಿಂದಲೇ ತೆಗೆಯಿರಿ. ಫ್ಯಾನಿನ ದೌರ್ಬಲ್ಯ ಒಂದೇ: ಕರೆಂಟ್ ಹೋದರೆ ಅದು ನಿಲ್ಲುತ್ತದೆ, ತುಂಬಿದ ರಿಸೀವರ್ ಸೋರುವುದು ನಿಲ್ಲುವುದಿಲ್ಲ.

ನನ್ನನ್ನು ಕೇಳಿದರೆ, ಜಾಗವಿದ್ದರೆ ಬೂಸ್ಟರ್ ಮತ್ತು ರಿಸೀವರನ್ನು ರೂಮಿನಿಂದಲೇ ಹೊರಗೆ ತನ್ನಿ. ಮೇಲೆ ಶೀಟು, ಮೂರು ಬದಿಗೆ ಜಾಲರಿ, ಸದ್ದು ತಡೆಯಲು ಪಕ್ಕದವರ ಕಡೆಗೆ ಮಾತ್ರ ಇಟ್ಟಿಗೆ ಗೋಡೆ. ಯಾವ ಸೆನ್ಸರೂ ಕೊಡದ ನೆಮ್ಮದಿಯನ್ನು ತೆರೆದ ಜಾಗ ಕೊಡುತ್ತದೆ. ಧೂಳು ಹೆಚ್ಚು, ಫಿಲ್ಟರ್ ಬೇಗ ಕಟ್ಟುತ್ತದೆ, ಪ್ಯಾನೆಲ್ಲಿಗೆ ಮಳೆ ಹೊಡೆಯದಂತೆ ನೋಡಬೇಕು. ಅಷ್ಟು ಮಾತ್ರ.

ಯಾವುದನ್ನು ಆರಿಸಿದರೂ ಮುಚ್ಚಿದ ರೂಮಿಗೆ ಆಮ್ಲಜನಕ ಸೆನ್ಸರ್ ಬೇಕೇ ಬೇಕು. ಎಲ್‌ಪಿಜಿಯ ಅಭ್ಯಾಸದಿಂದ ಅದನ್ನು ನೆಲದ ಹತ್ತಿರ ಹಾಕಿಸುತ್ತಾರೆ. ಸಾಮಾನ್ಯ ಉಷ್ಣತೆಯ ನೈಟ್ರೋಜನ್ ತೂಕದಲ್ಲಿ ಗಾಳಿಗೆ ಹೆಚ್ಚುಕಮ್ಮಿ ಸಮ, ನೆಲಕ್ಕಿಳಿಯುವುದಿಲ್ಲ, ಸೂರಿಗೇರುವುದಿಲ್ಲ. ನೆಲ ಹಿಡಿದು ಹರಿಯುವುದು ದ್ರವ ನೈಟ್ರೋಜನ್ನಿನ ತಣ್ಣನೆಯ ಆವಿ. ನಿಮ್ಮಲ್ಲಿ ಸೆನ್ಸರ್ ಮೂಗಿನ ಎತ್ತರಕ್ಕೆ, ನೆಲದಿಂದ ಸುಮಾರು ಒಂದೂವರೆ ಮೀಟರಿನಲ್ಲಿರಲಿ. ಡಿಸ್‌ಪ್ಲೇ ಮತ್ತು ಹೂಟರ್ ಬಾಗಿಲ ಹೊರಗೆ ಇರಬೇಕು, ಒಳಗೆ ಹೋಗಿ ರೀಡಿಂಗ್ ನೋಡುವಂತಿದ್ದರೆ ಪ್ರಯೋಜನವಿಲ್ಲ. ಮೊದಲ ಅಲಾರಂ 19.5ಕ್ಕೆ, ಎರಡನೆಯದು 18ಕ್ಕೆ, ಆಗ ಮೆಷಿನ್ ತಾನಾಗಿಯೇ ನಿಲ್ಲಲಿ. ಬ್ಯಾಟರಿ ಬ್ಯಾಕಪ್ ಇರಲಿ. ಎಲೆಕ್ಟ್ರೋಕೆಮಿಕಲ್ ಸೆಲ್ಲಿನ ಆಯುಸ್ಸು ಸಾಮಾನ್ಯವಾಗಿ ಎರಡು ಮೂರು ವರ್ಷ, ಬಳಸದೆ ಇಟ್ಟರೂ ಸವೆಯುತ್ತದೆ. ಹಾಕಿದ ತಾರೀಖನ್ನು ಅದರ ಮೇಲೆ ಬರೆದಿಡಿ, ಕ್ಯಾಲಿಬ್ರೇಷನ್ ಇಲ್ಲೇ ಮಾಡಿಸಿ. ಬಟ್ಟೆ ಮಾಸ್ಕ್, ಎನ್95, ಕಾರ್ಟ್‌ರಿಜ್ ಮಾಸ್ಕ್ ಯಾವುದೂ ಇಲ್ಲಿ ಕೆಲಸಕ್ಕೆ ಬಾರವು. ಅವು ಗಾಳಿಯನ್ನು ಸೋಸುತ್ತವೆ, ಇಲ್ಲದ ಆಮ್ಲಜನಕವನ್ನು ತರುವುದಿಲ್ಲ.

ಯಾರಾದರೂ ಒಳಗೆ ಬಿದ್ದಿದ್ದರೆ ಹಿಂದೆಯೇ ನುಗ್ಗಬೇಡಿ. ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 1992ರಿಂದ 2002ರವರೆಗಿನ 85 ನೈಟ್ರೋಜನ್ ಅವಘಡಗಳನ್ನು ಪರಿಶೀಲಿಸಿತು. ಸತ್ತವರು 80, ಅವರಲ್ಲಿ ಸುಮಾರು ಹತ್ತಕ್ಕೊಬ್ಬರು ಇನ್ನೊಬ್ಬರನ್ನು ಉಳಿಸಲು ಹೋದವರು. 2005ರ ನವೆಂಬರಿನಲ್ಲಿ ಅಲ್ಲಿನ ಡೆಲವೇರ್ ಸಿಟಿಯ ತೈಲ ಶುದ್ಧೀಕರಣ ಘಟಕದಲ್ಲಿ, ನೈಟ್ರೋಜನ್ ತುಂಬಿದ್ದ ರಿಯಾಕ್ಟರಿನೊಳಗೆ ಬಿದ್ದಿದ್ದ ಒಂದು ಟೇಪಿನ ಉರುಳೆ ತೆಗೆಯಲು ಹೋದವರೆಂದು ನಂಬಲಾದ ಒಬ್ಬರು, ಅವರನ್ನು ಎಳೆಯಲು ಇಳಿದ ಇನ್ನೊಬ್ಬರು, ಇಬ್ಬರೂ ಉಳಿಯಲಿಲ್ಲ. ನಿಮ್ಮಲ್ಲಿ ಮಾಡಬೇಕಾದದ್ದು: ಹೊರಗಿರುವ ಎಮರ್ಜೆನ್ಸಿ ಸ್ಟಾಪ್ ಒತ್ತಿ, ಬಾಗಿಲು ಕಿಟಕಿ ಪೂರ್ತಿ ತೆರೆಯಿರಿ, ದೊಡ್ಡ ಪೆಡೆಸ್ಟಲ್ ಫ್ಯಾನಿನಿಂದ ಹೊರಗಿನ ಗಾಳಿ ಒಳಗೆ ನೂಕಿ, 112 ಅಥವಾ 108ಕ್ಕೆ ಕರೆ ಮಾಡಿ. ಮೀಟರ್ 19.5ರ ಮೇಲೆ ತೋರಿಸಿದ ಮೇಲೆಯೇ ಎಳೆದು ತನ್ನಿ. ಉಸಿರಿಲ್ಲದಿದ್ದರೆ ತಕ್ಷಣ ಸಿಪಿಆರ್.

ಮತ್ತೊಂದನ್ನು ಇಂದೇ ಪರಿಶೀಲಿಸಿ. ಶೆಡ್ಡಿನಲ್ಲಿ ಗಾಳಿಯ ಲೈನಿಗೂ ನೈಟ್ರೋಜನ್ ಲೈನಿಗೂ ಒಂದೇ ಬಗೆಯ ಕ್ವಿಕ್ ಕಪ್ಲರ್ ಇದೆಯೇ? ಇದ್ದರೆ ಬದಲಿಸಿ. ಬಟ್ಟೆಯ ಧೂಳು ಹೊಡೆದುಕೊಳ್ಳಲು, ಟ್ಯಾಂಕಿನೊಳಗೆ ಕೆಲಸ ಮಾಡುವಾಗ "ಗಾಳಿಗೆ" ಎಂದು ಪೈಪ್ ಬಿಡಲು, ಪೇಂಟರ್ ಮಾಸ್ಕಿಗೆ ಜೋಡಿಸಲು ಕೈಗೆ ಸಿಕ್ಕ ಕಪ್ಲರನ್ನೇ ಹಾಕುತ್ತಾರೆ. ಕಪ್ಲರ್ ಕೂರದಿದ್ದರೆ ತಪ್ಪೂ ಆಗುವುದಿಲ್ಲ, ಬೋರ್ಡು ಓದುವ ಅಗತ್ಯವೂ ಇಲ್ಲ.

ಬುಸುಗುಡುವ ಸೇಫ್ಟಿ ವಾಲ್ವ್

ಬಿಗಿ ಮಾಡಬೇಡಿ. ವಾಲ್ವಿನ ಸೆಟ್ಟಿಂಗ್ ರಿಸೀವರಿನ ಡಿಸೈನ್ ಪ್ರೆಶರ್‌ಗೆ ತಾಳೆಯಾಗಿರುತ್ತದೆ, ಅಂದರೆ ಟ್ಯಾಂಕು ತಾಳಲೆಂದು ಲೆಕ್ಕ ಹಾಕಿದ ಗರಿಷ್ಠ ಒತ್ತಡಕ್ಕೆ. ನೇಮ್‌ಪ್ಲೇಟಿನಲ್ಲಿ ಡಿಸೈನ್ 30 ಬಾರ್ ಎಂದಿದ್ದರೆ ಎರಡು ಸುತ್ತು ಬಿಗಿ ಮಾಡಿದ ವಾಲ್ವ್ ಎಷ್ಟಕ್ಕೆ ತೆರೆಯುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಸೀಲ್ ಒಡೆದ ಮೇಲೆ ಅದರ ಪ್ರಮಾಣಪತ್ರಕ್ಕೂ ಬೆಲೆಯಿಲ್ಲ. 28 ಬಾರ್ ತುಂಬಿದ 500 ಲೀಟರ್ ರಿಸೀವರಿನಲ್ಲಿ ಅಡಗಿರುವ ಶಕ್ತಿ ಸುಮಾರು ಅರ್ಧ ಕಿಲೋ ಟಿಎನ್‌ಟಿಗೆ ಸಮ.

ಬುಸುಗುಡಲು ಕಾರಣ ಬಹುಶಃ ಹೀಗಿದೆ. ಸ್ಪ್ರಿಂಗ್ ವಾಲ್ವ್ ತನ್ನ ಸೆಟ್ ಒತ್ತಡದ ಶೇ. 90 ದಾಟಿದರೆ ಸೀಟಿನಲ್ಲಿ ಅಲುಗಾಡಲು ಶುರು ಮಾಡುತ್ತದೆ. 30ರ ವಾಲ್ವಿಗೆ 28 ಎಂದರೆ ಶೇ. 93. ಮಧ್ಯಾಹ್ನದ ಬಿಸಿಲಿಗೆ, ಬೂಸ್ಟರಿನ ಶಾಖಕ್ಕೆ ಗ್ಯಾಸ್ ಬಿಸಿಯಾಗಿ ಒತ್ತಡ ಇನ್ನಷ್ಟು ಏರುತ್ತದೆ. ಬೂಸ್ಟರಿನ ಪ್ರೆಶರ್ ಸ್ವಿಚ್ಚನ್ನು 26ಕ್ಕೆ ನಿಲ್ಲುವಂತೆ, 22ಕ್ಕೆ ಚಾಲೂ ಆಗುವಂತೆ ಇಳಿಸಿ ನೋಡಿ. ಲೇಸರ್ ಹೆಡ್ಡಿಗೆ ಬೇಕಾದದ್ದು ಹೆಚ್ಚೆಂದರೆ 18ರಿಂದ 20, ಕೆಲಸಕ್ಕೆ ತೊಂದರೆಯಾಗದು. ಆಗಲೂ ಬುಸುಗುಟ್ಟಿದರೆ ಸೀಟಿನಲ್ಲಿ ತುಕ್ಕೋ, ವೆಲ್ಡಿಂಗ್ ಕಿಟ್ಟವೋ, ಸೀವ್ ಪುಡಿಯೋ ಕೂತಿದೆ. ಪರೀಕ್ಷೆ ಮಾಡಿಸಿದ ಇನ್ನೊಂದು ವಾಲ್ವ್ ಸ್ಟಾಕಿನಲ್ಲಿಟ್ಟುಕೊಂಡು, ರಿಸೀವರ್ ಖಾಲಿ ಮಾಡಿ ಬದಲಿಸಿ, ಹಳೆಯದನ್ನು ಟೆಸ್ಟ್ ಬೆಂಚಿಗೆ ಕಳಿಸಿ. ವಾಲ್ವಿನ ಕೆಳಗೆ ಬಾಲ್ ವಾಲ್ವ್ ಹಾಕಿ ಮುಚ್ಚುವ ಜಾಣತನ ಬೇಡ.

ಖಾಲಿ ಮಾಡುವುದರಲ್ಲೂ ಜನ ಎಡವುತ್ತಾರೆ. ಪಿಎಸ್‌ಎಯ ಕರೆಂಟ್ ತೆಗೆದ ಕೂಡಲೇ ಟವರ್ ಖಾಲಿಯಾಯಿತೆಂದು ಎಣಿಸಬೇಡಿ, ಹಲವು ಮೆಷಿನ್‌ಗಳಲ್ಲಿ ಸೊಲೆನಾಯ್ಡ್ ಬಿಟ್ಟ ತಕ್ಷಣ ವಾಲ್ವ್ ಮುಚ್ಚಿಕೊಂಡು ಒಂದು ಟವರಿನಲ್ಲಿ ಒತ್ತಡ ಹಾಗೇ ಸಿಕ್ಕಿಬೀಳುತ್ತದೆ. ಐಸೋಲೇಟರ್ ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ಕೆಲಸ ಮಾಡುವವನ ಜೇಬಿನಲ್ಲಿರಲಿ. ರಿಸೀವರಿನ ಎರಡೂ ಬದಿಯ ವಾಲ್ವ್ ಮುಚ್ಚಿ, ಹೊರಗೆ ಪೈಪ್ ಮಾಡಿದ ವೆಂಟಿನಿಂದ ನಿಧಾನವಾಗಿ ಇಳಿಸಿ. ಟವರುಗಳನ್ನು ಒಂದೊಂದಾಗಿ ಕೈ ವಾಲ್ವಿನಿಂದ ಇಳಿಸಿ. ಗೇಜ್ ಸೊನ್ನೆ ತೋರಿಸಿದರೂ ನಂಬದೆ ಬ್ಲೀಡ್ ತೆರೆದೇ ಇಡಿ. 60 ಬಾರ್ ತೋರಿಸುವ ಗೇಜಿನಲ್ಲಿ ಅರ್ಧ ಬಾರ್ ಕಣ್ಣಿಗೆ ಬೀಳುವುದಿಲ್ಲ, ಆದರೆ 300 ಮಿಲಿಮೀಟರ್ ವ್ಯಾಸದ ಮುಚ್ಚಳವನ್ನು ಆ ಅರ್ಧ ಬಾರ್ 350 ಕಿಲೋಗೂ ಹೆಚ್ಚಿನ ಬಲದಿಂದ ಮೇಲಕ್ಕೆ ನೂಕುತ್ತದೆ. ಬೋಲ್ಟ್ ಬಿಚ್ಚುವಾಗ ನಿಮ್ಮಿಂದ ಆಚೆ ಬದಿಯದ್ದನ್ನು ಮೊದಲು ಸಡಿಲಿಸಿ, ನಟ್ಟನ್ನು ಪೂರ್ತಿ ತೆಗೆಯದೆ ಫ್ಲೇಂಜ್ ಬಾಯಿ ಬಿಡುವಂತೆ ಮಾಡಿ. ತೆರೆದ ಟವರಿನೊಳಗೆ ತಲೆ ಹಾಕಿ ಇಣುಕಬೇಡಿ, ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಸೀವ್ ಕಾಳು ಸಿಕ್ಕ ಆಮ್ಲಜನಕವನ್ನು ಹೀರುತ್ತಲೂ ಇರುತ್ತದೆ.

ಒತ್ತಡ ಇರುವಾಗ ಫಿಟ್ಟಿಂಗ್ ಬಿಗಿ ಮಾಡುವುದು, ಸೋರಿಕೆಯನ್ನು ಬೆರಳಿಟ್ಟು ಹುಡುಕುವುದು ಎರಡನ್ನೂ ನಿಲ್ಲಿಸಿ. 25 ಮಿಲಿಮೀಟರ್ ಪ್ಲಗ್ಗಿನ ಹಿಂದೆ 28 ಬಾರ್ ಇದ್ದರೆ ಅದನ್ನು ನೂಕುವ ಬಲ 140 ಕಿಲೋ. ಸಣ್ಣ ರಂಧ್ರದ ಗ್ಯಾಸ್ ಧಾರೆ ಚರ್ಮದೊಳಗೆ ಹೊಕ್ಕರೆ ಆಸ್ಪತ್ರೆಯ ಕೆಲಸ. ಯುಪಿವಿಸಿ ಪೈಪನ್ನು ಈ ಲೈನಿನ ಎಲ್ಲಿಯೂ ಬಳಸಬೇಡಿ, ಅದು ಸೋರುವುದಿಲ್ಲ, ಚೂರಾಗಿ ಹಾರುತ್ತದೆ.

ನೀವು ಕೇಳದಿದ್ದರೂ ಹೇಳಬೇಕಾದ ಒಂದು ಮಾತು. ಎಲ್ಲರೂ 28 ಬಾರ್ ರಿಸೀವರನ್ನೇ ಶಂಕಿಸುತ್ತಾರೆ, ಆದರೆ ಅದರೊಳಗೆ ಹೋಗುವುದು ಒಣ ನೈಟ್ರೋಜನ್, ಒಳಗಿನಿಂದ ತುಕ್ಕು ಹಿಡಿಯುವುದು ಅಪರೂಪ. ತುಕ್ಕಿಗೆ ತೆಳುವಾಗುವುದು ಕಂಪ್ರೆಸರ್ ಪಕ್ಕದ 8 ಬಾರಿನ ಏರ್ ರಿಸೀವರ್, ದಿನಾ ನೀರು ನಿಲ್ಲುವುದು ಅಲ್ಲಿ. ಅದರ ತಳದ ದಪ್ಪವನ್ನು ಅಲ್ಟ್ರಾಸಾನಿಕ್ ಮೀಟರಿನಿಂದ ಅಳೆಸಿ. ಪಿಎಸ್‌ಎ ಟವರಿನ ಕಷ್ಟ ಬೇರೆಯದು. ಎರಡು ನಿಮಿಷಕ್ಕೊಮ್ಮೆ ಪ್ರತಿ ಟವರ್ ತುಂಬಿ ಖಾಲಿಯಾಗುತ್ತದೆ. ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಎಂದರೆ 1,44,000 ಸಲ. ಈ ಬಡಿತಕ್ಕೆ ಲೋಹ ದಣಿದು ನಾಝಲ್ ಬೆಸುಗೆಯ ಬುಡದಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಅಂಥದ್ದು ಕಂಡರೆ ಮೆಷಿನ್ ನಿಲ್ಲಿಸಿ ತಯಾರಕರನ್ನು ಕರೆಸಿ. ಬೀದಿಯ ವೆಲ್ಡರ್‌ನಿಂದ ತೇಪೆ ಹಾಕಿಸಿದ ಟವರ್ ಸೋರುವುದನ್ನು ನಿಲ್ಲಿಸುತ್ತದೆ, ಒಡೆಯುವುದನ್ನು ನಿಲ್ಲಿಸುವುದಿಲ್ಲ. ಒತ್ತಡದ ಪಾತ್ರೆಗಳನ್ನೆಲ್ಲ ಕಾರ್ಖಾನೆ ಇಲಾಖೆ ಮಾನ್ಯ ಮಾಡಿದ ಕಾಂಪಿಟೆಂಟ್ ಪರ್ಸನ್‌ರಿಂದ ತಪಾಸಣೆ ಮಾಡಿಸಿ. ಬಲದ ಪರೀಕ್ಷೆ ನೀರು ತುಂಬಿಯೇ ಆಗಬೇಕು, ಗ್ಯಾಸಿನಿಂದಲ್ಲ. ನೀರು ಕುಗ್ಗುವುದಿಲ್ಲವಾದ್ದರಿಂದ ಪಾತ್ರೆ ಬಿಟ್ಟರೂ ಸಿಡಿಯುವುದಿಲ್ಲ.

ಸಿಲಿಂಡರ್ ತುಂಬುವ ಯೋಚನೆ

ಇದಕ್ಕೆ ನನ್ನ ಉತ್ತರ ಬೇಡ ಎಂದೇ. ಗ್ಯಾಸ್ ಸಿಲಿಂಡರ್ಸ್ ರೂಲ್ಸ್ 2016ರ ಪ್ರಕಾರ ಸಿಲಿಂಡರಿಗೆ ಸಂಕುಚಿತ ಗ್ಯಾಸ್ ತುಂಬಲು ಪೆಸೊ, ಅಂದರೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಲೈಸೆನ್ಸ್ ಬೇಕು. "ನಮ್ಮ ಬಳಕೆಗೆ ಮಾತ್ರ" ಎಂದರೆ ವಿನಾಯಿತಿ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಬೂಸ್ಟರ್ ಕೊಳ್ಳಬೇಡಿ. ನಿಮ್ಮಲ್ಲಿರುವ ಬೂದು ಮೈಯ, ಕಪ್ಪು ಕತ್ತಿನ ಸಿಲಿಂಡರುಗಳು ಹೆಚ್ಚಾಗಿ ಗ್ಯಾಸ್ ಕಂಪನಿಯ ಸ್ವತ್ತು, ನೀವು ತುಂಬುವಂತಿಲ್ಲ.

ಕಾನೂನು ಬದಿಗಿರಲಿ, ತಾಂತ್ರಿಕವಾಗಿಯೂ ಇದು ಬೇರೆಯದೇ ಕಸುಬು. ತುಂಬುವ ಮುಂಚೆ ಪ್ರತಿ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡುವ ಬಲದ ಪರೀಕ್ಷೆ) ತಾರೀಖು ನೋಡಬೇಕು, ಒಳಗೆ ಮೊದಲು ಏನಿತ್ತು ಎಂದು ಖಾತ್ರಿ ಮಾಡಿಕೊಳ್ಳಬೇಕು, ತುಂಬುವಾಗ ಗ್ಯಾಸ್ ಬಿಸಿಯಾಗುವುದರಿಂದ ಒತ್ತಡವನ್ನು ಉಷ್ಣತೆಗೆ ಸರಿಹೊಂದಿಸಬೇಕು. 28 ಬಾರಿಗೆಂದು ಹಾಕಿದ ಪೈಪು, ವಾಲ್ವು, ಹೋಸ್ ಯಾವುದೂ 150ಕ್ಕೆ ಆಗದು. ಹೊಸ ಬೂಸ್ಟರಿನ ಚೆಕ್ ವಾಲ್ವ್ ಒಂದು ಹಿಂದಕ್ಕೆ ಸೋರಿದರೆ 150 ಬಾರ್ ನಿಮ್ಮ 30ರ ರಿಸೀವರಿಗೆ ಬರುತ್ತದೆ. 47 ಲೀಟರಿನ ಒಂದು ಸಿಲಿಂಡರಿನಲ್ಲಿ ಇರುವುದು 7 ಘನ ಮೀಟರ್, ನಿಮ್ಮ ಜನರೇಟರಿನ ಹತ್ತು ನಿಮಿಷದ ಉತ್ಪಾದನೆ. ಅಷ್ಟಕ್ಕೆ ಇಷ್ಟು ಅಪಾಯ ಹೊತ್ತುಕೊಳ್ಳುವುದು ಲೆಕ್ಕಕ್ಕೆ ಕೂರುವುದಿಲ್ಲ.

ಮಾಲೀಕರಿಗೆ ಬೇಕಿರುವುದು ಬಹುಶಃ ದಪ್ಪ ಶೀಟು ಕತ್ತರಿಸುವಾಗ ಒತ್ತಡ ಬೀಳದಿರಲು ಒಂದಿಷ್ಟು ದಾಸ್ತಾನು. ಹಾಗಿದ್ದರೆ ಅದೇ 30 ಬಾರಿನ ಡಿಸೈನಿನ ಇನ್ನೊಂದು 500 ಲೀಟರ್ ರಿಸೀವರನ್ನು, ತನ್ನದೇ ಸೇಫ್ಟಿ ವಾಲ್ವ್ ಸಮೇತ, ತೆರೆದ ಜಾಗದಲ್ಲಿ ನಿಲ್ಲಿಸಿ. 26ರಿಂದ 20 ಬಾರಿಗೆ ಇಳಿಯುವಷ್ಟರಲ್ಲಿ ಅದೊಂದೇ 3 ಘನ ಮೀಟರ್ ಕೊಡುತ್ತದೆ. ಒಂದೇ ದೊಡ್ಡ ಟ್ಯಾಂಕ್ ಕೊಳ್ಳುವ ಆಸೆಯಾದರೆ, 1000 ಲೀಟರಿಗಿಂತ ಹೆಚ್ಚು ನೀರು ಹಿಡಿಯುವ ಪಾತ್ರೆಗೆ ಎಸ್‌ಎಂಪಿವಿ ನಿಯಮಗಳು 2016 (ಒತ್ತಡದ ಟ್ಯಾಂಕುಗಳ ಕೇಂದ್ರ ನಿಯಮ) ಅನ್ವಯಿಸುತ್ತವೆಯೇ ಎಂದು ಆರ್ಡರ್ ಕೊಡುವ ಮುಂಚೆ ಪೆಸೊ ಮಾನ್ಯತೆಯ ಕಾಂಪಿಟೆಂಟ್ ಪರ್ಸನ್‌ರಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಜನರೇಟರ್ ಕೆಟ್ಟ ದಿನಕ್ಕೆ ಬ್ಯಾಕಪ್ ಬೇಕಿದ್ದರೆ ಗ್ಯಾಸ್ ಕಂಪನಿಯ ಹತ್ತು ಹನ್ನೆರಡು ಸಿಲಿಂಡರುಗಳನ್ನು ಮ್ಯಾನಿಫೋಲ್ಡಿಗೆ (ಎಲ್ಲವನ್ನೂ ಸೇರಿಸುವ ಒಂದೇ ಪೈಪಿಗೆ) ಜೋಡಿಸಿಡಿ, ರೆಗ್ಯುಲೇಟರಿನ ಆಚೆ 30 ಬಾರಿನ ಸೇಫ್ಟಿ ವಾಲ್ವ್ ಮರೆಯದೆ ಹಾಕಿಸಿ, ಸಿಲಿಂಡರುಗಳನ್ನು ಸರಪಳಿ ಬಿಗಿದು ನೆರಳಿನಲ್ಲಿ, ಹೊರಗೆ ನಿಲ್ಲಿಸಿ.